ಗಲ್ಫ್ ಕೆಲಸ ಕೇಳುವ ನಮ್ಮೂರ ಹುಡುಗರಿಗೆ

ಕುಮಟಾ, ಹೊನ್ನಾವರ, ಭಟ್ಕಳ ಕಡೆಯಿಂದ ನನಗೆ ಬರುವ ವಾಟ್ಸಾಪ್ ಮೆಸೇಜ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. 'ಅಣ್ಣಾ, ಅಲ್ಲಿ ಏನಾದ್ರೂ ಕೆಲಸ ಇದ್ರೆ ಹೇಳಿ. ಯಾವ್ದಾದ್ರೂ ಅಡ್ಡಿಲ್ಲ.' ಬಿ.ಕಾಂ ಮುಗಿಸಿದವರು, ಡಿಪ್ಲೊಮಾ ಮಾಡಿದವರು, ಬೋಟಿನ ಕೆಲಸ ಬಿಟ್ಟವರು, ಎಲ್ಲರೂ ಇದ್ದಾರೆ. ಒಬ್ಬೊಬ್ಬರಿಗೇ ಉತ್ತರ ಕೊಡುವ ಬದಲು ಇಲ್ಲೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನಾನಿರುವುದು ಸೌದಿಯ ದಮ್ಮಾಮ್‌ನಲ್ಲಿ. ಅಕೌಂಟ್ಸ್ ಕೆಲಸ. ಇಷ್ಟು ವರ್ಷದಲ್ಲಿ ನನಗೆ ಚೆನ್ನಾಗಿ ಗೊತ್ತಾದದ್ದು ಏನೆಂದರೆ, ಪರದೇಶದವನ ಕೆಲಸ ಉಳಿಯುವುದು ಅವನ ದುಡಿಮೆ ನೋಡಿ ಮಾತ್ರ ಅಲ್ಲ. ಆ ದೇಶದ ಮಕ್ಕಳಲ್ಲಿ ಎಷ್ಟು ಜನ ಕೆಲಸ ಇಲ್ಲದೆ ಕೂತಿದ್ದಾರೆ ಅನ್ನುವುದನ್ನೂ ನೋಡಿ. ಊರಲ್ಲಿ ವೀಸಾಕ್ಕೆ ದುಡ್ಡು ಹೊಂದಿಸುವಾಗ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಎಣ್ಣೆ ದೇಶದಲ್ಲಿ ನಿರುದ್ಯೋಗ ಎಲ್ಲಿಂದ ಬಂತು ಅಂತ ಅನಿಸಬಹುದು. ಬಂದಿದೆ. 2018ರ ಶುರುವಿನಲ್ಲಿ ಸೌದಿ ಪ್ರಜೆಗಳಲ್ಲಿ ಕೆಲಸ ಹುಡುಕುತ್ತಿದ್ದವರು ಶೇ. 12.9. ಹೆಂಗಸರಲ್ಲಂತೂ ಶೇ. 30 ದಾಟಿತ್ತು. ಕೊರೊನಾ ಬಂದ 2020ರಲ್ಲಿ ಒಟ್ಟು ಲೆಕ್ಕ ಶೇ. 15.4ಕ್ಕೆ ಏರಿತು. ಓದಿದ ಎಲ್ಲರಿಗೂ ಸರ್ಕಾರಿ ನೌಕರಿ ಕೊಡುವ ಕಾಲ ಅಲ್ಲೂ ಮುಗಿದಿದೆ. ಹಾಗಾಗಿ ಖಾಸಗಿ ಕಂಪನಿಗಳ ಮೇಲೆ ಒತ್ತಡ ಬಂತು. 2011ರಲ್ಲಿ ನಿತಾಕತ್ ಜಾರಿಯಾಯಿತು. ಎಷ್ಟು ಸೌದಿಗಳನ್ನು ಇಟ್ಟುಕೊಂಡಿದ್ದಾರೆ ಅಂತ ನೋಡಿ ಕಂಪನಿಗೆ ಕೆಂಪು, ಹಸಿರು ಅಂತ ಬಣ್ಣ ಕೊಡುತ್ತಾರೆ. ಕೆಂಪಿಗೆ ಬಿದ್ದರೆ ಹೊಸ ವೀಸಾ ಇಲ್ಲ. 2016ರಲ್ಲಿ ಮೊಬೈಲ್ ಮಾರುವ, ರಿಪೇರಿ ಮಾಡುವ ಅಂಗಡಿಗಳಲ್ಲಿ ಸೌದಿಗಳು ಮಾತ್ರ ಇರಬೇಕು ಅಂತ ಆಯಿತು. ಮಾರ್ಚ್‌ನಲ್ಲಿ ಹೇಳಿದರು, ಸೆಪ್ಟೆಂಬರ್ ಹೊತ್ತಿಗೆ ಮುಗಿಸಿದರು. ಅಷ್ಟೇ ಸಮಯ. 2018ರಲ್ಲಿ ಓಮನ್ ಕೂಡ 87 ಬಗೆಯ ಕೆಲಸಗಳಿಗೆ ಹೊರಗಿನವರ ವೀಸಾ ತಡೆಹಿಡಿಯಿತು.

ಸಂಸಾರ ಇಟ್ಟುಕೊಂಡವರಿಗೆ ಬಿದ್ದ ಪೆಟ್ಟೇ ಬೇರೆ. 2017ರ ಜುಲೈನಿಂದ ಹೆಂಡತಿ, ಮಕ್ಕಳು ಒಬ್ಬೊಬ್ಬರಿಗೂ ತಿಂಗಳಿಗೆ 100 ರಿಯಾಲ್ ಫೀ. ಅದು ವರ್ಷ ವರ್ಷ ನೂರು ನೂರು ಏರಿ 2020ಕ್ಕೆ 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 14,400 ರಿಯಾಲ್. ಆಗಿನ ರೇಟಲ್ಲಿ ಎರಡೂಮುಕ್ಕಾಲು ಲಕ್ಷ ರೂಪಾಯಿ ಮೇಲೆ. ಇಕಾಮಾ, ಅಂದರೆ ಇಲ್ಲಿ ಇರಲು ಬೇಕಾದ ಪರ್ಮಿಟ್, ರಿನ್ಯೂ ಮಾಡುವಾಗ ಇದನ್ನೂ ಕಟ್ಟಬೇಕು. ನಮ್ಮ ಬಿಲ್ಡಿಂಗ್‌ನಲ್ಲಿ ಮಕ್ಕಳ ಶಾಲೆ ಬಿಡಿಸಿ ಸಂಸಾರವನ್ನು ಊರಿಗೆ ಕಳಿಸಿದವರು ಎಷ್ಟೋ ಜನ. ನಾನೂ ಕಳಿಸಿದೆ.

2021ರಲ್ಲಿ ನಮ್ಮ ಕೆಲಸಕ್ಕೂ ಬಂತು. ಐದು ಅಥವಾ ಅದಕ್ಕಿಂತ ಜಾಸ್ತಿ ಅಕೌಂಟೆಂಟ್‌ಗಳಿರುವ ಕಡೆ ಶೇ. 30 ಸೌದಿಗಳೇ ಇರಬೇಕು ಅಂತ. ನಮ್ಮ ಆಫೀಸಿಗೆ ಒಬ್ಬ ಸೌದಿ ಹುಡುಗ ಸೇರಿದ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಭಟ್ಕಳದ ಹಿರಿಯರೊಬ್ಬರು ಅವನಿಗೆ ಕೆಲಸ ಕಲಿಸಬೇಕಿತ್ತು. ಕಲಿತಾದ ಮೇಲೆ ಆ ಕುರ್ಚಿ ಅವನದೇ ಅಂತ ಇಬ್ಬರಿಗೂ ಗೊತ್ತಿತ್ತು. ಆದರೂ ಅವರು ಒಂದೂ ಮುಚ್ಚಿಡಲಿಲ್ಲ. ಯಾವ ಸಪ್ಲೈಯರ್ ಬಿಲ್ ತಡಮಾಡುತ್ತಾನೆ, ವ್ಯಾಟ್ ರಿಟರ್ನ್‌ನಲ್ಲಿ ಎಲ್ಲಿ ತಪ್ಪಾಗುತ್ತದೆ, ಎಲ್ಲ ಹೇಳಿಕೊಟ್ಟರು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಆ ಹುಡುಗ ಹೇಳಿದ: ಡಿಗ್ರಿ ಮುಗಿಸಿ ಬಹಳ ದಿನ ಮನೇಲೇ ಕೂತಿದ್ದೆ, ರಾತ್ರಿ ಟ್ಯಾಕ್ಸಿ ಓಡಿಸುತ್ತಿದ್ದೆ, ಅಪ್ಪನ ಮುಖ ನೋಡೋಕೆ ಆಗುತ್ತಿರಲಿಲ್ಲ. ಕೇಳಿ ನನಗೆ ಹೊನ್ನಾವರದ ಹುಡುಗನೇ ಮಾತಾಡಿದಂತಾಯಿತು.

ಹಾಗಾಗಿ 'ಸೌದಿಗಳು ನಮ್ಮ ಅನ್ನ ಕಿತ್ತುಕೊಂಡರು' ಅಂತ ಯಾರಾದರೂ ಪೋಸ್ಟ್ ಹಾಕಿದರೆ ನನಗೆ ಒಪ್ಪಿಗೆ ಆಗುವುದಿಲ್ಲ. 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆ ಬಂತಲ್ಲ? ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70. ಕಂಪನಿಗಳು ಗಲಾಟೆ ಮಾಡಿದ ಮೇಲೆ ತಡೆಹಿಡಿದರು. ಆಗ ನಾವೆಲ್ಲ ಕನ್ನಡಿಗರಿಗೆ ಕೆಲಸ ಸಿಗಲೇಬೇಕು ಅಂದೆವು. ನಾನೂ ಅಂದೆ, ಈಗಲೂ ಅನ್ನುತ್ತೇನೆ. ನಮ್ಮ ನೆಲದಲ್ಲಿ ನಾವು ಕೇಳುವುದು ನ್ಯಾಯ ಆದರೆ ಅವರ ನೆಲದಲ್ಲಿ ಅವರು ಕೇಳುವುದೂ ನ್ಯಾಯವೇ.

ಅನ್ಯಾಯ ಆಗುವುದು ಬೇರೆ ಕಡೆ. ವರ್ಷಗಟ್ಟಲೆ ದುಡಿದವನಿಗೆ ಕೊನೆಯ ಸರ್ವಿಸ್ ಹಣ ಕೊಡದೆ ಫೈನಲ್ ಎಕ್ಸಿಟ್ ಹೊಡೆದು ಊರಿಗೆ ಕಳಿಸುವುದು ಅನ್ಯಾಯ. ಸಂಬಳ ತಿಂಗಳುಗಟ್ಟಲೆ ನಿಲ್ಲಿಸುವುದು ಅನ್ಯಾಯ. ಊರಲ್ಲಿ ಏಜೆಂಟ್ ಒಂದು ಕೆಲಸ ಹೇಳಿ ಇಲ್ಲಿ ಇನ್ನೊಂದು ಮಾಡಿಸುವುದು ದೊಡ್ಡ ಅನ್ಯಾಯ. ಇದಕ್ಕೆ ಸಿಟ್ಟು ಬರಬೇಕು.

ಇನ್ನೊಂದು ಸಿಟ್ಟು ನನಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮೇಲಿದೆ. ಸೀಬರ್ಡ್ ನೌಕಾನೆಲೆಗೆ ಜಾಗ ಕೊಟ್ಟೆವು, ಕೈಗಾ ಅಣು ಸ್ಥಾವರಕ್ಕೆ ಕೊಟ್ಟೆವು, ಕದ್ರಾ, ಕೊಡಸಳ್ಳಿ ಡ್ಯಾಮಿಗೆ ಕೊಟ್ಟೆವು. ಸಾವಿರಾರು ಕುಟುಂಬ ಮನೆ, ಗದ್ದೆ ಬಿಟ್ಟು ಎದ್ದವು. ಇಷ್ಟಾಗಿ ಕಾರವಾರದ ಹುಡುಗರು ಬೆಳಿಗ್ಗೆ ಎದ್ದು ಗೋವಾದ ಫ್ಯಾಕ್ಟರಿಗಳಿಗೆ ಹೋಗುತ್ತಾರೆ, ಶಿರಸಿಯವರು ಬೆಂಗಳೂರು ಬಸ್ ಹತ್ತುತ್ತಾರೆ, ಕರಾವಳಿಯವರು ವಿಮಾನ ಹತ್ತುತ್ತಾರೆ. ಸೌದಿ ಸರ್ಕಾರ ತನ್ನ ಮಕ್ಕಳಿಗೆ ಅಂತ ಏನೋ ಒಂದು ಮಾಡಿತು. 2024ರ ಕೊನೆಗೆ ಅಲ್ಲಿಯ ನಿರುದ್ಯೋಗ ಶೇ. 7ಕ್ಕೆ ಇಳಿಯಿತು. ಅದು 2030ಕ್ಕೆ ಅಂತ ಇಟ್ಟುಕೊಂಡಿದ್ದ ಗುರಿ. ಈಗ ಶೇ. 5 ಅನ್ನುತ್ತಿದ್ದಾರೆ. ವೋಟು ಕೇಳಲು ಬರುವವರನ್ನು ನಮ್ಮ ಜಿಲ್ಲೆಯ ಗುರಿ ಎಷ್ಟು ಅಂತ ಯಾರಾದರೂ ಕೇಳಿದ್ದೇವಾ?

ಶೇ. 5 ಅಂದರೆ ನಮಗೆ ಒತ್ತಡ ಇನ್ನೂ ಜಾಸ್ತಿ ಅಂತಲೇ ಅರ್ಥ. ಹಾಗಂತ ಬಾಗಿಲು ಮುಚ್ಚಿಲ್ಲ. 2022ರ ಜನಗಣತಿಯಲ್ಲಿ ಸೌದಿಯ 3.22 ಕೋಟಿ ಜನರಲ್ಲಿ 1.34 ಕೋಟಿ ಹೊರಗಿನವರು. ಎಲೆಕ್ಟ್ರಿಷಿಯನ್, ವೆಲ್ಡರ್, ಎಸಿ ಮೆಕ್ಯಾನಿಕ್, ನರ್ಸ್, ಇವರಿಗೆ ಕೆಲಸ ಇದೆ. ರಿಯಾದ್‌ನಲ್ಲಿ 2030ರ ಎಕ್ಸ್‌ಪೋ, 2034ರ ಫುಟ್‌ಬಾಲ್ ವಿಶ್ವಕಪ್ ಅಂತ ಕಟ್ಟಡ ಕೆಲಸವೂ ಜೋರಾಗಿದೆ. ಕಮ್ಮಿ ಆಗುತ್ತಿರುವುದು ಕೌಂಟರ್, ಕ್ಲರ್ಕ್, ಆಫೀಸ್ ಕೆಲಸ. ಬಿ.ಕಾಂ ಹುಡುಗರೇ, ನೀವು ಕೇಳುತ್ತಿರುವುದು ಅದನ್ನೇ. 'ಯಾವ್ದಾದ್ರೂ ಅಡ್ಡಿಲ್ಲ' ಅಂತ ಬರಬೇಡಿ. ಒಂದು ಕೈಕೆಲಸ ಕಲಿತು, ಸರ್ಟಿಫಿಕೇಟ್ ಹಿಡಿದು ಬನ್ನಿ.

ದುಡ್ಡು ಕೊಡುವ ಮುಂಚೆ ಏಜೆಂಟ್ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಇದೆಯಾ ನೋಡಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸರ್ವಿಸ್ ಚಾರ್ಜ್ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಲಕ್ಷ ಕೇಳಿದರೆ ಎದ್ದು ಬನ್ನಿ. ಅಮ್ಮನ ಬಂಗಾರ ಅಡ ಇಡಬೇಡಿ. ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ನೋಡೋಣ ಅಂದರೆ ಸುಮ್ನೆ ಒಪ್ಪಿಕೊಳ್ಳಬೇಡಿ, ಅದರಲ್ಲಿ ಕೆಲಸ ಮಾಡುವ ಹಾಗಿಲ್ಲ.

ಮುಂದಿನ ತಿಂಗಳು ರಜೆಗೆ ಊರಿಗೆ ಬರುತ್ತಿದ್ದೇನೆ. ಕೈಯಲ್ಲಿ ಆಫರ್ ಲೆಟರ್ ಇದ್ದವರು ಸಹಿ ಹಾಕುವ ಮುಂಚೆ ತಂದು ತೋರಿಸಿ. ಅರಬ್ಬಿಯಲ್ಲಿದ್ದರೂ ಅಡ್ಡಿಲ್ಲ, ಕೂತು ಓದಿ ಹೇಳುತ್ತೇನೆ.