ಏನೂ ಇಲ್ಲವಂತೆ!

ನಿನ್ನೆ ಸಂಜೆ ಕ್ಲಿನಿಕ್ಕಿನಲ್ಲಿ ಸರದಿ ಕಾಯುತ್ತ ಕುಳಿತಿದ್ದೆ. (ಗಾಬರಿಯಾಗಬೇಡಿ, ಈ ಸಲ ನನಗಾಗಿ ಅಲ್ಲ, ಮಗಳ ಕೆಮ್ಮಿಗಾಗಿ.) ಒಳಗಿನಿಂದ ಇಪ್ಪತ್ತೈದರ ಆಸುಪಾಸಿನ ಹುಡುಗಿಯೊಬ್ಬಳು ದಪ್ಪನೆಯ ಫೈಲನ್ನು ಎದೆಗವಚಿಕೊಂಡು ಹೊರಬಂದಳು. ಹಿಂದೆಯೇ ಬಂದವನು ಅಣ್ಣನೋ ಗಂಡನೋ ತಿಳಿಯದು. ಇಡೀ ಹಜಾರಕ್ಕೆ ಕೇಳುವಂತೆ ಫೋನಿನಲ್ಲಿ ಹೇಳುತ್ತಿದ್ದ: "ಏನೂ ಇಲ್ಲವಂತೆ! ಎಲ್ಲ ನಾರ್ಮಲ್. ಸುಮ್ಮನೆ ತಲೆಗೆ ಹಚ್ಚಿಕೊಂಡಿದ್ದಾಳೆ." ಆ ಕಡೆಯವರು ನಕ್ಕಿರಬೇಕು, ಇವನೂ ನಕ್ಕ. ಎದುರಿಗೆ ಕುಳಿತಿದ್ದ ಇಬ್ಬರು, ಸಂಬಂಧವೇ ಇಲ್ಲದವರು, ಅವರೂ ಮುಸಿಮುಸಿ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ಫೈಲಿನ ಮರೆಯಲ್ಲಿ ಅವಳ ಬಲಗೈಯ ಎರಡು ಬೆರಳು ಎಡ ಮಣಿಕಟ್ಟಿನ ಮೇಲಿದ್ದವು. ನಾಡಿ ಎಣಿಸುತ್ತಿದ್ದಳು. ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು.

ಎಡಪಕ್ಕೆಯಲ್ಲಿ ನೋವು, ಏನೋ ದೊಡ್ಡ ರೋಗವೇ ಇರಬೇಕೆಂಬ ಭಯ: ನನ್ನ ಈ ಪುರಾಣ ನಿಮ್ಮಲ್ಲಿ ಹಲವರಿಗೆ ಬಾಯಿಪಾಠ, ಪೂರ್ತಿ ಓದಿಸುವುದಿಲ್ಲ. ಎರಡು ವರ್ಷ, ನಾಲ್ಕು ಇಸಿಜಿ, ಒಂದು ಎಕೋ (ಹೃದಯದ ಸ್ಕ್ಯಾನ್), ಹೊಟ್ಟೆಯ ಸ್ಕ್ಯಾನ್, ಎಂಡೋಸ್ಕೋಪಿ, ಮತ್ತು ಲೆಕ್ಕವಿಡದಷ್ಟು ರಕ್ತ. ಪ್ರತಿ ಸಲವೂ ಅದೇ ತೀರ್ಪು: ಏನೂ ಇಲ್ಲ. ಮೊದಲ ಸಲ ಹಾಗೆಂದಾಗ ಹೋದ ಜೀವ ಬಂದಂತಾಗಿತ್ತು. ಆ ನೆಮ್ಮದಿ ಎರಡು ವಾರ ಬಾಳಿತು. ಎರಡನೆಯ ಸಲ ನಾಲ್ಕು ದಿನ. ಮೂರನೆಯ ಸಲ ಲಿಫ್ಟು ನೆಲಮಹಡಿ ಮುಟ್ಟುವವರೆಗೆ. ಬಾಗಿಲು ತೆರೆಯುವಷ್ಟರಲ್ಲಿ ‘ಇಸಿಜಿ ತೆಗೆಯುವಾಗ ನೋವೇ ಇರಲಿಲ್ಲವಲ್ಲ!’ ಎಂಬ ಹುಳು ತಲೆಯೊಳಗೆ ಹೊಕ್ಕಿತ್ತು. ಅಭಯವಚನಕ್ಕೂ ಚಟದ ಗುಣವಿದೆ. ದಿನದಿಂದ ದಿನಕ್ಕೆ ಪ್ರಮಾಣ ಹೆಚ್ಚಬೇಕು, ಪರಿಣಾಮ ಮಾತ್ರ ಇಳಿಯುತ್ತಲೇ ಹೋಗುತ್ತದೆ.

ನನ್ನ ಸಿಟ್ಟಿರುವುದು ‘ಏನೂ ಇಲ್ಲ’ ಎಂಬ ಆ ಎರಡು ಪದಗಳ ಮೇಲೆ. ರಾತ್ರಿ ಅಟ್ಟದ ಮೇಲೆ ಸದ್ದಾಗುತ್ತಿದೆ ಎಂದಿಟ್ಟುಕೊಳ್ಳಿ. ಹತ್ತಿ ನೋಡಿ ಬಂದವನು ‘ಕಳ್ಳ ಇಲ್ಲ’ ಎಂದರೆ ಒಪ್ಪುತ್ತೇನೆ, ಕೈಮುಗಿಯುತ್ತೇನೆ. ‘ಸದ್ದೇ ಇಲ್ಲ’ ಎಂದರೆ? ನಾನು ಕಿವಿಯಾರೆ ಕೇಳುತ್ತಿದ್ದೇನಲ್ಲ ಸ್ವಾಮೀ!

ನೋವು ಇತ್ತು. ಬೆರಳ ತುದಿಗಳು ಜುಮುಗುಡುತ್ತಿದ್ದವು, ತುಟಿಯ ಸುತ್ತ ಇರುವೆ ಹರಿದಂತಾಗುತ್ತಿತ್ತು, ತಲೆ ತೇಲುತ್ತಿತ್ತು. ಇದೆಲ್ಲ ಏನೆಂದು ಕೊನೆಗೂ ತೋರಿಸಿಕೊಟ್ಟವರು ಐದನೆಯ ವೈದ್ಯೆ. ಅವರು ಪರೀಕ್ಷೆ ಬರೆಯಲಿಲ್ಲ. ಹಳೆಯ ವರದಿಗಳನ್ನೆಲ್ಲ ಓದಿ, ಎದೆ ಪರೀಕ್ಷಿಸಿ, ತಮ್ಮೆದುರೇ ಕೂರಿಸಿಕೊಂಡು ಒಂದೂವರೆ ನಿಮಿಷ ಜೋರಾಗಿ ಉಸಿರಾಡಿಸಿದರು. ಮುಗಿಯುವ ಹೊತ್ತಿಗೆ ಜುಮುಜುಮು, ಇರುವೆ, ತೇಲು, ಎಲ್ಲ ನೆಂಟರೂ ಹಾಜರು! ಭಯಗೊಂಡಾಗ ನಮಗರಿವಿಲ್ಲದೆ ಉಸಿರು ಹೆಚ್ಚುತ್ತದೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ನರಗಳು ಸುಮ್ಮಸುಮ್ಮನೆ ಕೆರಳುತ್ತವೆ. ಆ ಜುಮುಜುಮು ಕಂಡು ನಾವು ಇನ್ನಷ್ಟು ಹೆದರುತ್ತೇವೆ, ಉಸಿರು ಇನ್ನಷ್ಟು ಹೆಚ್ಚುತ್ತದೆ. ಅವರು ಹೇಳಿದ್ದು ಇಷ್ಟೇ: "ಪರೀಕ್ಷೆಯಲ್ಲಿ ಅಪಾಯದ್ದು ಏನೂ ಸಿಕ್ಕಿಲ್ಲ. ಆದರೆ ನಿಮಗೆ ಆಗುತ್ತಿರುವುದು ನಿಜ." ಆ ಎರಡನೆಯ ವಾಕ್ಯಕ್ಕೆ ನನಗೆ ಅಳು ಬಂತು. ನಲವತ್ತಾರು ವಯಸ್ಸಿನವನು, ವೈದ್ಯರ ಮುಂದೆ ಮೂಗೊರೆಸಿಕೊಳ್ಳುತ್ತ ಕುಳಿತಿದ್ದೆ. ಎರಡನೆಯ ವಾಕ್ಯ ಹೇಳಲು ಎಷ್ಟು ಹೊತ್ತು ಬೇಕು? ಮೊದಲ ನಾಲ್ವರಿಗೆ ಅಷ್ಟೂ ಪುರುಸೊತ್ತಿರಲಿಲ್ಲವೇ?

ಪರೀಕ್ಷೆಗಳ ಮೇಲಿನ ನಮ್ಮ ಭಕ್ತಿಯ ಬಗ್ಗೆಯೂ ಒಂದು ಮಾತು. ರಕ್ತದ ವರದಿಯಲ್ಲಿ ‘ಸಾಮಾನ್ಯ ಮಿತಿ’ ಎಂದು ಮುದ್ರಿಸುತ್ತಾರಲ್ಲ, ಬಹಳಷ್ಟು ಪರೀಕ್ಷೆಗಳಲ್ಲಿ ಅದು ಆರೋಗ್ಯವಂತರಲ್ಲಿ 95 ಶೇಕಡಾ ಮಂದಿಯನ್ನು ಒಳಗೊಳ್ಳುವಂತೆ ಎಳೆದ ಗೆರೆ. ಅಂದರೆ ನೂರರಲ್ಲಿ ಐವರು ಗಟ್ಟಿಮುಟ್ಟಾಗಿದ್ದರೂ ಗೆರೆಯ ಆಚೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಿದರೆ ಒಂದಾದರೂ ಗೆರೆ ದಾಟಿ ದಪ್ಪಕ್ಷರದಲ್ಲಿ ಬರುವ ಸಾಧ್ಯತೆ ಸುಮಾರು 64 ಶೇಕಡಾ. ಈ ಲೆಕ್ಕ ತಿಳಿಯದೆ ಒಂದು ದಪ್ಪಕ್ಷರದ ಹಿಂದೆ ಮೂರು ತಿಂಗಳು ಅಲೆದವನು ನಾನು. ದವಡೆಯ ಕೆಳಗೆ ಒಂದು ಗಂಟು ಸಿಕ್ಕಿತೆಂದು ದಿನಕ್ಕೆ ನಲವತ್ತು ಸಲ ಒತ್ತಿ ನೋಡಿ, ಕೊನೆಗೆ ಅಲ್ಲಿ ನಿಜವಾಗಿ ನೋವೆದ್ದಾಗ ‘ನೋಡಿದಿರಾ, ನಾನು ಹೇಳಲಿಲ್ಲವೇ!’ ಎಂದು ಬೀಗಿದವನೂ ನಾನೇ.

ಈಗ ಬರುತ್ತಾರೆ ವಿವೇಕಿಗಳು. "ಏನೂ ಇಲ್ಲ ಎಂದರೆ ಸಂತೋಷಪಡಬೇಕಲ್ಲವೇ? ನಿಜವಾದ ರೋಗಿಗಳು ಹೊರಗೆ ಕಾಯುತ್ತಿರುವಾಗ ವೈದ್ಯರು ನಿಮ್ಮ ಉಸಿರಾಟ ನೋಡುತ್ತ ಕೂರಬೇಕೇ?" ಎರಡನೆಯ ಪ್ರಶ್ನೆಯಲ್ಲಿ ಸ್ವಲ್ಪ ಹುರುಳಿದೆ, ಒಪ್ಪಿದೆ. ಸಾಲು ಉದ್ದವಿದೆ, ವೈದ್ಯರೂ ಮನುಷ್ಯರೇ. ಆದರೆ ಲೆಕ್ಕ ಹಾಕಿ: ‘ಏನೂ ಇಲ್ಲ’ ಎಂದು ಎರಡು ನಿಮಿಷದಲ್ಲಿ ಕಳುಹಿಸಿದವನು ಹದಿನೈದು ದಿನಕ್ಕೆ ಇನ್ನೊಬ್ಬರ ಬಾಗಿಲಲ್ಲಿ, ಅದೇ ಉದ್ದದ ಸಾಲಿನಲ್ಲಿ ನಿಂತಿರುತ್ತಾನೆ. ಹೊತ್ತು ಉಳಿದದ್ದೆಲ್ಲಿ? ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಕೇಳಿದವರ ಎಡಪಕ್ಕೆ ಒಂದು ವಾರ ನೋಯಲಿ ಎಂಬ ಹಾರೈಕೆಯಷ್ಟೇ ಇದೆ.

‘ನಿಜವಾದ ರೋಗಿಗಳು’ ಎಂದಿರಲ್ಲ. ತನಗೆ ರೋಗವಿದೆಯೆಂಬ ಬಿಡದ ಭಯದ ಹಳೆಯ ಹೆಸರು ‘ಹೈಪೊಕಾಂಡ್ರಿಯಾ’. ಗ್ರೀಕ್ ಮೂಲದ ಆ ಪದದ ಅರ್ಥ ಪಕ್ಕೆಲುಬಿನ ಮೃದ್ವಸ್ಥಿಯ ಕೆಳಗಿನ ಜಾಗ. ನನ್ನ ಪಕ್ಕೆಯ ವಿಳಾಸವೇ! ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗಸೂಚಿಯನ್ನು ತಿದ್ದಿದಾಗ ಆ ಹಳೆಯ ಹೆಸರನ್ನು ಕೈಬಿಟ್ಟಿತು. ದೇಹದ ಲಕ್ಷಣಗಳಿಂದ ನರಳುವವರ ಕಾಯಿಲೆಯನ್ನು ಗುರುತಿಸಲು ‘ಆ ಲಕ್ಷಣಕ್ಕೆ ವೈದ್ಯಕೀಯ ಕಾರಣ ಸಿಗಬಾರದು’ ಎಂಬ ಷರತ್ತನ್ನೂ ತೆಗೆಯಿತು. ಕಾರಣ ಸಿಕ್ಕಿತೋ ಇಲ್ಲವೋ, ನರಳಾಟ ನರಳಾಟವೇ. 2023ರ ಕೊನೆಯಲ್ಲಿ ಸ್ವೀಡನ್ನಿನ ಸಂಶೋಧಕರು ಈ ಹೈಪೊಕಾಂಡ್ರಿಯಾಸಿಸ್ ರೋಗನಿರ್ಣಯ ಪಡೆದ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಇತರರೊಂದಿಗೆ ಹೋಲಿಸಿ, ಇವರಲ್ಲಿ ಸಾವಿನ ಪ್ರಮಾಣವೇ ಹೆಚ್ಚೆಂದು ತೋರಿಸಿದರು. ಆತ್ಮಹತ್ಯೆಯ ಅಪಾಯ ಸುಮಾರು ನಾಲ್ಕು ಪಟ್ಟು. ‘ಸುಮ್ಮನೆ ಭಯ’ ಎಂದು ನಗುವವರಿಗಾಗಿ ಈ ಅಂಕಿ. (ರೋಗದ ಭಯ ಇರುವವರಿಗೆ ಸಾವಿನ ಅಪಾಯ ಹೆಚ್ಚು ಎಂಬ ಸುದ್ದಿ ಓದಿದ ರಾತ್ರಿ ನನ್ನ ಗತಿ ಏನಾಗಿರಬೇಡ, ಊಹಿಸಿಕೊಳ್ಳಿ.)

ನನಗೆ ಸಮಾಧಾನ ಕೊಡುವವನು ಡಾರ್ವಿನ್. 1831ರ ಕೊನೆಯಲ್ಲಿ, ತನ್ನ ಲೋಕಯಾತ್ರೆಯ ಹಡಗು ಹೊರಡುವುದಕ್ಕಾಗಿ ಇಂಗ್ಲೆಂಡಿನ ಪ್ಲಿಮತ್ತಿನಲ್ಲಿ ಕಾಯುತ್ತಿದ್ದಾಗ ಇಪ್ಪತ್ತೆರಡರ ಆ ಹುಡುಗನಿಗೆ ಎದೆಬಡಿತ, ಎದೆನೋವು. ಅರೆಬರೆ ವೈದ್ಯಕೀಯ ಓದಿದ್ದವನಾದ್ದರಿಂದ ತನಗೆ ಹೃದ್ರೋಗವೆಂದು ಖಚಿತವಾಯಿತು. ವೈದ್ಯರು ಪ್ರಯಾಣ ಬೇಡವೆಂದಾರು ಎಂದು ಯಾರ ಬಳಿಯೂ ಹೋಗಲಿಲ್ಲ, ಹಡಗು ಹತ್ತಿಯೇಬಿಟ್ಟ. ಮುಂದೆ 73ನೆಯ ವಯಸ್ಸಿನವರೆಗೆ ಬಾಳಿದ. ಹೊಟ್ಟೆ, ತಲೆ, ವಾಂತಿ ಎಂದು ಬದುಕೆಲ್ಲ ನರಳಿದ, 1849ರಿಂದ ಐದು ವರ್ಷಕ್ಕೂ ಹೆಚ್ಚು ಕಾಲ ದಿನದಿನದ ಆರೋಗ್ಯದ ದಿನಚರಿ ಬರೆದ. ಅವನಿಗೆ ಆಗಿದ್ದೇನೆಂದು ಇಂದಿಗೂ ವಿದ್ವಾಂಸರು ಕಿತ್ತಾಡುತ್ತಿದ್ದಾರೆ. ಅವನ ಕೈಗೆ ಅಂತರ್ಜಾಲ ಸಿಕ್ಕಿದ್ದರೆ ವಿಕಾಸವಾದದ ಗತಿ ಏನಾಗುತ್ತಿತ್ತೋ!

ಇಷ್ಟೆಲ್ಲ ಕೂಗಾಡುವ ನಾನು ಒಂದು ವಿಷಯವನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಹನ್ನೊಂದು ವರ್ಷದ ಹಿಂದೆ ಅಮ್ಮನಿಗೆ ಅಂಗಾಲು ಉರಿ, ಮೈಯೆಲ್ಲ ಉರಿ. ಪರೀಕ್ಷೆ ಮಾಡಿಸಿ ಹೊರಬಂದು ಅಕ್ಕನಿಗೆ ಫೋನು ಮಾಡಿದೆ. ನಾನು ಹೇಳಿದ್ದು ಅಕ್ಷರಶಃ ಇದೇ: "ಏನೂ ಇಲ್ಲವಂತೆ." ಪಕ್ಕದಲ್ಲೇ ನಿಂತಿದ್ದ ಅಮ್ಮ ಕೇಳಿದಳು: "ಹಾಗಾದರೆ ಇದು ಏನು?" ನಾನು "ವಯಸ್ಸಾಯಿತಲ್ಲಮ್ಮ" ಎಂದೆ. ಆಮೇಲೆ ಅವಳು ಉರಿಯ ಮಾತನ್ನೇ ಎತ್ತಲಿಲ್ಲ. ಗುಣವಾಯಿತೆಂದು ನಾವೆಲ್ಲ ತಿಳಿದೆವು. ನಿನ್ನೆ ಆ ಹುಡುಗನ ಧ್ವನಿ ಕೇಳಿದಾಗ ಅಷ್ಟು ಉರಿದದ್ದು ಏಕೆಂದು ಈಗ ಬರೆಯುತ್ತಿರುವಾಗ ಹೊಳೆಯುತ್ತಿದೆ.

‘ಮನೋವ್ಯಾಧಿಗೆ ಮದ್ದಿಲ್ಲ’ ಎನ್ನುತ್ತಾರೆ. ಸುಳ್ಳು. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಿದೆ, ಬೇಕಾದವರಿಗೆ ಮಾತ್ರೆಯೂ ಇದೆ. ನಾನು ಹೋದೆ, ನಾಚಿಕೆ ಪಡುತ್ತಲೇ ಹೋದೆ. ಈಗ ಒಬ್ಬರೇ ವೈದ್ಯರು, ಆರು ವಾರಕ್ಕೊಮ್ಮೆ ಭೇಟಿ, ನೋವಿದ್ದರೂ ಇಲ್ಲದಿದ್ದರೂ. ನಡುವೆ ಓಡಿಬರಬೇಕಾದ ಲಕ್ಷಣಗಳನ್ನು ಬರೆದುಕೊಟ್ಟಿದ್ದಾರೆ: ಕಾರಣವಿಲ್ಲದೆ ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡರೆ. ಉಳಿದದ್ದಕ್ಕೆ, ನಾಡಿ ನೋಡಬೇಕೆನಿಸಿದಾಗ ಅರ್ಧ ಗಂಟೆ ಮುಂದೂಡಬೇಕು. ಅರ್ಧ ಗಂಟೆಯಲ್ಲಿ ಹಲವು ಸಲ ಮರೆತೇ ಹೋಗಿರುತ್ತದೆ. ಪ್ರತಿ ಸಲವೂ ಅಲ್ಲ. ಈ ಬರಹದ ನಡುವೆ ಎರಡು ಸಲ ಸೋತಿದ್ದೇನೆ, ಎಪ್ಪತ್ತೆಂಟು, ಎಪ್ಪತ್ತನಾಲ್ಕು.

ಅಂದ ಹಾಗೆ, ಮಗಳನ್ನು ನೋಡಿದ ವೈದ್ಯರು "ಏನೂ ಇಲ್ಲ, ಬರೀ ಶೀತ" ಎಂದರು. ನಾನು ಎಕ್ಸ್‌ರೇ ಬೇಡವೇ ಎಂದು ಕೇಳಿದೆ. ಬೇಡ ಎಂದರು. ಬಾಗಿಲ ತನಕ ಹೋಗಿ, ತಿರುಗಿ ಬಂದು ಇನ್ನೊಮ್ಮೆ ಕೇಳಿದೆ. ಮಗಳು ನನ್ನ ಅಂಗಿಯ ತುದಿ ಹಿಡಿದು "ಅಪ್ಪಾ, ಬಾ ಹೋಗೋಣ" ಎಂದು ಎಳೆಯುತ್ತಿದ್ದಳು.