ಬಡತನ ಭಾಗ್ಯ

ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾರನೇ ದಿನ ಪೇಪರಿನ ಶಿವಮೊಗ್ಗ ಪುಟದಲ್ಲಿ ಒಂದು ತಲೆಬರಹ ಕಾಯಂ: ‘ಕೂಲಿಕಾರ್ಮಿಕನ ಮಗಳ ಸಾಧನೆ’. ವರ್ಷವರ್ಷ ಬದಲಾಗುವುದು ಊರಿನ ಹೆಸರು, ಅಂಕ ಎರಡೇ. ‘ಡಾಕ್ಟರ ಮಗನ ಸಾಧನೆ’ ಅಂತ ಯಾರೂ ಅಚ್ಚು ಹಾಕಿದ್ದನ್ನು ನಾನು ಕಂಡಿಲ್ಲ. ಆಗುಂಬೆಯಲ್ಲಿ ಮಳೆ ಬಂದರೆ ಅದು ಸುದ್ದಿಯೇ? ಆಷಾಢದಲ್ಲಿ ಅಲ್ಲಿ ನಾಲ್ಕು ದಿನ ಬಿಸಿಲು ಬಿದ್ದರೆ ಸುದ್ದಿ.

ಈ ಸಲ ಅಂಥದೊಂದು ಬಿಸಿಲಿನ ಸನ್ಮಾನಕ್ಕೆ ಹೋಗಿದ್ದೆ. ವೇದಿಕೆಯಲ್ಲಿ ಹದಿನಾಲ್ಕು ಗಣ್ಯರು. ಹುಡುಗಿಯ ಕುರ್ಚಿ ಕೊನೆಯದು, ಫ್ಯಾನ್ ಗಾಳಿ ತಲುಪದ ಕಡೆ. ಶಾಲು, ಪೇಟ, ಹಣ್ಣಿನ ಬುಟ್ಟಿ. ಮುಖ್ಯ ಅತಿಥಿಗಳು ಗಂಟಲು ಸರಿಮಾಡಿಕೊಂಡು ಹೇಳಿದರು: ‘ಬಡತನ ಶಾಪ ಅಲ್ಲ ಮಕ್ಕಳೇ, ಅದೊಂದು ವರ!’ ಚಪ್ಪಾಳೆ ಬಿತ್ತು. ಅವರ ಮಗ ಮಂಗಳೂರಿನ ಹಾಸ್ಟೆಲಿನಲ್ಲಿ ನೀಟ್ ಕೋಚಿಂಗ್‌ನಲ್ಲಿದ್ದಾನೆ. ಇಂಥ ವರವನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೇ ಕೊಡದೆ ವಂಚಿಸಿದ ತಂದೆಯನ್ನು ನಾನು ನೋಡಿದ್ದು ಅದೇ ಮೊದಲು.

ಅನ್ನಭಾಗ್ಯ, ಕ್ಷೀರಭಾಗ್ಯ ಕೊಟ್ಟ ನಾಡಿದು. ‘ಬಡತನ ಭಾಗ್ಯ’ ಒಂದು ಆಗಿಬಿಡಲಿ. ಫಲಾನುಭವಿಗೆ ಎಪಿಎಲ್ ಕಾರ್ಡ್ ಕಡ್ಡಾಯ. ಹತ್ತನೇ ಕ್ಲಾಸಿನ ಮಗನನ್ನು ಜೂನ್ ಒಂದಕ್ಕೆ ಹೊಸನಗರದ ಒಳಗಿನ ಯಾವುದಾದರೂ ಹಳ್ಳಿಗೆ ತಂದುಬಿಡಬೇಕು. ಶಾಲೆಗೆ ಕಾಲುಸಂಕದ ಮೇಲೆ ನಡಿಗೆ. ಹಳ್ಳ ತುಂಬಿದ ದಿನ ರಜೆ, ಡಿಸಿ ಘೋಷಿಸಲಿ ಬಿಡಲಿ. ನೆಟ್‌ವರ್ಕ್ ಬೇಕೆಂದರೆ ಕೊಡೆ ಹಿಡಿದು ಗುಡ್ಡ ಹತ್ತುವುದು. ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ, ಏಕಾಗ್ರತೆಗೆ ಒಳ್ಳೆಯದು. ಅಡಿಕೆ ಕೊಯ್ಲು ಶುರುವಾದ ಮೇಲೆ ಅಮ್ಮನ ಪಕ್ಕ ಕೂತು ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯಲ್ಲಿ ಸುಲಿತ. ತ್ರಿಕೋನಮಿತಿ ತಿಳಿಯದಿದ್ದರೆ ಅಪ್ಪನನ್ನು ಕೇಳಬಹುದು. ‘ನಂಗೆಂತ ಗೊತ್ತು ಮಾರಾಯ, ಮೇಷ್ಟ್ರನ್ನ ಕೇಳು’ ಅಂತಾನೆ ಅಪ್ಪ. ಮೇಷ್ಟ್ರು ಸಮೀಕ್ಷೆಗೆ ಹೋಗಿರುತ್ತಾರೆ. 2025ರಲ್ಲಿ ಜಾತಿ ಸಮೀಕ್ಷೆಗೆಂದು ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರಲ್ಲ, ಆ ದಿನಗಳಲ್ಲಿ ಖಾಸಗಿ ಶಾಲೆಗಳ ಗಂಟೆ ಬಾರಿಸುತ್ತಲೇ ಇತ್ತು. ಯಾರು ಹಿಂದುಳಿದಿದ್ದಾರೆ ಅಂತ ಎಣಿಸುವ ಕೆಲಸಕ್ಕೆ ಯಾರ ಪಾಠ ನಿಲ್ಲಿಸಬೇಕೆಂಬುದು ಸರ್ಕಾರಕ್ಕೆ ಚೆನ್ನಾಗಿ ಗೊತ್ತಿದೆ.

ಈ ಯೋಜನೆಯನ್ನು ನಿವೃತ್ತ ಮೇಷ್ಟ್ರೊಬ್ಬರಿಗೆ ಹೇಳಿದೆ. ಅವರು ನಗಲಿಲ್ಲ. 1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಎಂಬಾತ ಸುಮಾರು ಆರು ಲಕ್ಷ ಮಕ್ಕಳನ್ನು ಪರೀಕ್ಷಿಸಿ, ಮಗುವಿನ ಕಲಿಕೆಯಲ್ಲಿ ಶಾಲೆಯ ಸೌಲಭ್ಯಕ್ಕಿಂತ ಮನೆಯ ಹಿನ್ನೆಲೆಯದೇ ಹೆಚ್ಚು ಕೈವಾಡ ಅಂತ ವರದಿ ಕೊಟ್ಟನಂತೆ. ‘ಅಷ್ಟು ಖರ್ಚು ಯಾಕ್ ಬೇಕಿತ್ತು? ನನ್ನ ದಾಖಲಾತಿ ಪುಸ್ತಕದಲ್ಲಿ ತಂದೆಯ ಉದ್ಯೋಗ ಅಂತ ಒಂದು ಕಾಲಂ ಇತ್ತು. ಒಂದನೇ ಕ್ಲಾಸಿಗೆ ಹೆಸರು ಬರೆಯುವಾಗಲೇ ಹತ್ತನೇದರ ಫಲಿತಾಂಶ ಅರ್ಧ ಕಾಣ್ತಿತ್ತು’ ಅಂದರು ಮೇಷ್ಟ್ರು.

ಒಂದೇ ಬೆಂಚಿನಲ್ಲಿ ಕೂರಿಸುವ ಏರ್ಪಾಡೂ ಇತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳು ಶೇ 25 ಸೀಟು ಬಡಮಕ್ಕಳಿಗೆ ಬಿಡಬೇಕಿತ್ತು. 2019ರಲ್ಲಿ ನಮ್ಮ ರಾಜ್ಯ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಖಾಸಗಿಯವರು ಸೀಟು ಕೊಡಬೇಕಿಲ್ಲ ಎಂದಿತು. ಬೆಂಚುಗಳು ನಿಟ್ಟುಸಿರು ಬಿಟ್ಟವು. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ಫಲಿತಾಂಶ ಕುಸಿಯಿತು, ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ ಶೇ 73.40ಕ್ಕೆ ತಂದು ನಿಲ್ಲಿಸಿದರು. ಪರೀಕ್ಷೆ ಬರೆಯುವ ಮೂರು ತಾಸಿಗೆ ಕ್ಯಾಮೆರಾ ಉಂಟು. ಓದುವ ಮನೆಯ ಕಡೆ ಅದು ತಿರುಗುವುದು ಹಣ್ಣಿನ ಬುಟ್ಟಿ ಕೊಡುವಾಗ ಮಾತ್ರ.

ಯೋಜನೆಗೆ ಇದುವರೆಗೆ ಒಂದು ಅರ್ಜಿಯೂ ಬಂದಿಲ್ಲ. ಮುಖ್ಯ ಅತಿಥಿಗಳಿಗೆ ಫೋನ್ ಮಾಡಿದೆ. ‘ಮಗನಿಗೆ ಡಸ್ಟ್ ಅಲರ್ಜಿ ಸಾರ್’ ಅಂದರು.

ಮೊನ್ನೆ ಆ ಹುಡುಗಿಯ ಊರಿನ ಕಡೆ ಹೋಗಿದ್ದೆ. ಪಿಯು ಸೈನ್ಸಿಗೆ ಸೇರಿದಳೇ ಅಂತ ಅವಳಮ್ಮನನ್ನು ಕೇಳಿದರೆ, ‘ಬಸ್ಸಿನ ಟೈಮ್ ನೋಡ್ತಿದೀವಿ’ ಅಂದರು. ಸನ್ಮಾನದ ಫ್ಲೆಕ್ಸ್ ಕೊಟ್ಟಿಗೆಯ ಮಾಡು ಸೇರಿದೆ. ಗಟ್ಟಿ ಮಾಲು, ಸೋರುವುದು ನಿಂತಿದೆ. ಹದಿನಾಲ್ಕೂ ಗಣ್ಯರ ಮುಖ ಒಳಮಗ್ಗುಲಿಗೆ ಬಂದಿದೆ. ಎಮ್ಮೆ ಮೆಲುಕು ಹಾಕುತ್ತಾ ಅವರನ್ನೇ ನೋಡುತ್ತಿತ್ತು.