ಸ್ಪಷ್ಟನೆ: ಮಾತು ಮುರಿಯಲು ಹಾಬ್ಸ್ ಅನುಮತಿ ಕೊಟ್ಟಿಲ್ಲ

ಮಂಡ್ಯ ಭಾಗದ ನಾಲೆಗಳಿಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯಂತೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುವ ವಿಚಾರ ಚರ್ಚೆಗೆ ಬಂದಾಗ ವಾಟ್ಸ್‌ಆ್ಯಪ್‌ನಲ್ಲಿ ಸಂದೇಶವೊಂದು ಹರಿದಾಡುತ್ತಿದೆ. ಮನುಷ್ಯ ಸ್ವಾರ್ಥಿಯಾದ್ದರಿಂದ ತನಗೆ ಲಾಭವಿದ್ದಾಗ ಒಪ್ಪಂದ ಮುರಿಯುವುದು ತಪ್ಪಲ್ಲವೆಂದು ಇಂಗ್ಲೆಂಡಿನ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಹೇಳಿದ್ದಾನೆ ಎಂಬುದು ಅದರ ಸಾರ. ಇದು ಸರಿಯಲ್ಲ.

1651ರಲ್ಲಿ ಪ್ರಕಟವಾದ ‘ಲೆವಯಥನ್’ ಕೃತಿಯಲ್ಲಿ ಹಾಬ್ಸ್ ನೀತಿಯನ್ನು ಸ್ವಹಿತದ ತಳಹದಿಯ ಮೇಲೆ ನಿಲ್ಲಿಸಿದ್ದು ನಿಜ. ಆದರೆ ಪ್ರತಿಯೊಬ್ಬರೂ ತಮಗೆ ಬೇಕಾದ್ದನ್ನೆಲ್ಲ ಕಸಿದುಕೊಳ್ಳಲು ಹೊರಟರೆ ಯಾರ ಜೀವಕ್ಕೂ ಭದ್ರತೆಯಿರುವುದಿಲ್ಲವಾದ್ದರಿಂದ, ಉಳಿದವರೂ ಬಿಟ್ಟುಕೊಡುವುದಾದರೆ ತಾನೂ ಅಷ್ಟನ್ನು ಬಿಟ್ಟುಕೊಟ್ಟು ಒಪ್ಪಂದವನ್ನು ಪಾಲಿಸುವುದೇ ವಿವೇಕವೆಂದು ಅವನು ವಾದಿಸುತ್ತಾನೆ. ಅದೇ ಕೃತಿಯ 15ನೆಯ ಅಧ್ಯಾಯದಲ್ಲಿ, ಲಾಭವಿದ್ದರೆ ಮಾತು ತಪ್ಪುವುದೂ ಜಾಣತನವೇ ಎನ್ನುವ ಮೂಢನೊಬ್ಬನ ವಾದವನ್ನು ಎತ್ತಿಕೊಂಡು ಖಂಡಿಸುತ್ತಾನೆ. ಸಂದೇಶ ಬರೆದವರು ಆ ಮೂಢನ ಮಾತನ್ನೇ ಹಾಬ್ಸ್‌ನ ತಲೆಗೆ ಕಟ್ಟಿದ್ದಾರೆ!

ತನ್ನ ಸರದಿ ಮುಗಿದ ಮೇಲೂ ರಾತ್ರೋರಾತ್ರಿ ತೂಬು ಎತ್ತಿ ಕಬ್ಬಿಗೆ ನೀರು ಹಾಯಿಸಿಕೊಂಡವನಿಗೆ ಆ ದಿನದ ಮಟ್ಟಿಗೆ ಲಾಭವೇ. ನಾಲೆಯ ಕೊನೆಯಲ್ಲಿ ಭತ್ತದ ಪೈರು ಒಣಗಿಸಿಕೊಂಡವರು ಮುಂದಿನ ಸರದಿಗೆ ಅವನನ್ನು ನಂಬುವುದಿಲ್ಲ. ಸಿಕ್ಕಿಬೀಳುವುದಿಲ್ಲವೆಂಬ ಲೆಕ್ಕಾಚಾರ ಭರವಸೆಗೆ ಅರ್ಹವಲ್ಲ ಎಂಬುದೇ ಮೂಢನಿಗೆ ಹಾಬ್ಸ್ ಕೊಡುವ ಉತ್ತರದ ತಿರುಳು. ನಂಬಿಕೆಯೊಂದೇ ಸಾಲದು, ಒಪ್ಪಂದ ಜಾರಿಯಾಗಲು ಅಧಿಕಾರವೂ ಬೇಕೆಂದು ಅವನು ಸೇರಿಸುತ್ತಾನೆ.

ಈ ಸಿದ್ಧಾಂತಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಪ್ರತಿಯಾಗಿ ಏನನ್ನೂ ಕೊಡಲಾರದ ಹಸುಗೂಸಿನ ಬಗ್ಗೆ ನಮಗಿರುವ ಹೊಣೆಯನ್ನು ಅದು ತೃಪ್ತಿಕರವಾಗಿ ವಿವರಿಸುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಸರ್ಕಾರಗಳು ಜನರ ಒಪ್ಪಂದದಿಂದಲೇ ಹುಟ್ಟಿದವೆಂಬ ವಾದವನ್ನು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲೇ ಪ್ರಶ್ನಿಸಿದ್ದನು.